ಪ್ರಾದೇಶಿಕ ಅರ್ಥಶಾಸ್ತ್ರ ಓದಬೇಕು ಅಂತಿದ್ದೀರಾ? ಮೊದಲು ನಿಮ್ಮ ತಾಲೂಕು ನೋಡಿ

ಬಿ.ಎ. ಮುಗಿದಿದೆ, ಮುಂದೆ ಪ್ರಾದೇಶಿಕ ಅರ್ಥಶಾಸ್ತ್ರ ಓದುವ ಆಸೆ, ಗಣಿತ ಎಷ್ಟು ಬೇಕು, ಎಲ್ಲಿ ಓದಬೇಕು ಅಂತ ಕೇಳಿದ್ದೀರಿ. ನಾನು ಇದೇ ದಾರಿಯಲ್ಲಿ ಬಂದವನು. ಗೊತ್ತಿರುವಷ್ಟು ಹೇಳುತ್ತೇನೆ.

ನನ್ನದು ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕು. ಎಂ.ಎ. ಮೊದಲ ವರ್ಷ ಲೈಬ್ರರಿಯಲ್ಲಿ ಕರ್ನಾಟಕದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ಕೈಗೆ ಸಿಕ್ಕಿತು. ಆಗಿನ 175 ತಾಲೂಕುಗಳನ್ನು 35 ಸೂಚಕಗಳಿಂದ ಅಳೆದು, ರಾಜ್ಯದ ಸರಾಸರಿ 1 ಅಂತ ಇಟ್ಟುಕೊಂಡು, ಪ್ರತಿ ತಾಲೂಕಿಗೂ ಒಂದು ಅಂಕ ಕೊಟ್ಟಿದ್ದರು. ಹಿಂದುಳಿದವು 114. ಅದರಲ್ಲಿ 39 ಅತ್ಯಂತ ಹಿಂದುಳಿದವು. ಸಾಲಿನ ಮೇಲೆ ಬೆರಳಿಟ್ಟು ಹುಡುಕುತ್ತಾ ಹೋದೆ. ದೇವದುರ್ಗಕ್ಕೆ 0.53. ಅದಕ್ಕಿಂತ ಕೆಳಗೆ ಯಾವ ತಾಲೂಕೂ ಇರಲಿಲ್ಲ. ಆ ರಾತ್ರಿ ಊಟ ಸೇರಲಿಲ್ಲ.

ಪಕ್ಕದಲ್ಲೇ ಕೃಷ್ಣಾ ನದಿ. ನಾರಾಯಣಪುರ ಬಲದಂಡೆ ಕಾಲುವೆಯೂ ಇದೆ. ಹಾಗಿದ್ದರೂ ನಮ್ಮಲ್ಲೇ ಯಾಕೆ ಹೀಗೆ? ಈ ‘ಇಲ್ಲೇ ಯಾಕೆ’ ಅನ್ನೋದೇ ಈ ವಿಷಯದ ಬೇರು. ಪ್ರಬಂಧಕ್ಕೆ ಅಂತ ಕಾಲುವೆ ಗುಂಟ ಹಳ್ಳಿ ಹಳ್ಳಿ ತಿರುಗಿದೆ. ಮೇಲಿನ ಊರುಗಳಲ್ಲಿ ಭತ್ತದ ಗದ್ದೆ. ಕಾಲುವೆಯ ಕೊನೆ ಭಾಗಕ್ಕೆ ಬಂದರೆ ಬೀಗ ಹಾಕಿದ ಮನೆಗಳು. ಒಂದು ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯನ್ನು ಕೇಳಿದೆ. “ಬೆಂಗಳೂರಿಗೆ ದುಡಿಯಾಕ ಹೋಗ್ಯಾರಪ್ಪಾ, ಹಬ್ಬಕ್ಕ ಬರ್ತಾರ” ಅಂದಳು. ತಾಲೂಕಿಗೆ ಒಂದೇ ಅಂಕ, ಒಳಗೆ ಎರಡು ಲೋಕ. ಮುಂದೆ ಹೋದ ಊರು ಹಿಂದುಳಿದ ಊರಿನ ದುಡಿಯುವ ಕೈಗಳನ್ನೂ ದುಡ್ಡನ್ನೂ ಎಳೆದುಕೊಳ್ಳುತ್ತಾ ಹೋಗುತ್ತದೆ ಅಂತ ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ಡಾಲ್ 1957ರಲ್ಲೇ ಬರೆದಿದ್ದರು. ಆ ಪಾಠ ನನಗೆ ಅರ್ಥವಾಗಿದ್ದು ಕ್ಲಾಸಿನಲ್ಲಲ್ಲ, ಗುಳೆ ಹೋದವರ ಬಾಗಿಲ ಮುಂದೆ.

ಈಗ ಗಣಿತ. ಹೆದರಬೇಡಿ, ಆದರೆ ತಪ್ಪಿಸಿಕೊಳ್ಳಲೂ ಆಗಲ್ಲ. ಸಂಖ್ಯಾಶಾಸ್ತ್ರ, ರಿಗ್ರೆಷನ್ (ಒಂದು ಅಂಶ ಇನ್ನೊಂದರ ಜೊತೆ ಎಷ್ಟು ಬದಲಾಗುತ್ತದೆ ಅಂತ ಅಂದಾಜು ಮಾಡುವ ಲೆಕ್ಕ), ಸ್ವಲ್ಪ ಮ್ಯಾಟ್ರಿಕ್ಸ್ (ಅಡ್ಡ-ಉದ್ದ ಸಾಲುಗಳಲ್ಲಿ ಜೋಡಿಸಿದ ಅಂಕಿಗಳ ಕೋಷ್ಟಕ) ಗಟ್ಟಿ ಮಾಡಿಕೊಳ್ಳಿ. ಮ್ಯಾಟ್ರಿಕ್ಸ್ ಯಾಕೆ ಅಂದರೆ, ಮಾಮೂಲಿ ರಿಗ್ರೆಷನ್ ಪ್ರತಿ ತಾಲೂಕನ್ನೂ ಒಂಟಿ ದ್ವೀಪದ ಹಾಗೆ ನೋಡುತ್ತದೆ. ನಿಜದಲ್ಲಿ ಹಾಗಿರಲ್ಲ ಅಲ್ವಾ? ಪಕ್ಕದ ತಾಲೂಕಿನಲ್ಲಿ ಹತ್ತಿ ಜಿನ್ನಿಂಗ್ ಮಿಲ್ ಬಂದರೆ ನಮ್ಮ ರೈತರಿಗೂ ಅದರ ಲಾಭ ಸಿಗುತ್ತದೆ. ಯಾರಿಗೆ ಯಾರು ನೆರೆ ಅನ್ನೋದನ್ನು ಒಂದು ಮ್ಯಾಟ್ರಿಕ್ಸ್‌ನಲ್ಲಿ ಬರೆದು ಲೆಕ್ಕಕ್ಕೆ ಸೇರಿಸುತ್ತಾರೆ. ಇಂಥ ಕೆಲಸಕ್ಕೆ ಬೇಕಾದ ಸಾಫ್ಟ್‌ವೇರ್‌ಗಳಾದ ಕ್ಯೂಜಿಐಎಸ್ (ನಕ್ಷೆಗೆ), ಜಿಯೋಡಾ (ನೆರೆಹೊರೆಯ ಲೆಕ್ಕಕ್ಕೆ), ಆರ್ (ಸಂಖ್ಯಾಶಾಸ್ತ್ರಕ್ಕೆ) ಮೂರೂ ಉಚಿತ. ಕ್ಯೂಜಿಐಎಸ್‌ನಲ್ಲಿ ಜಿಲ್ಲೆಯ ನಕ್ಷೆಗೆ ಬಣ್ಣ ತುಂಬೋದನ್ನು ಈ ರಜೆಯಲ್ಲೇ ಕಲಿತುಬಿಡಿ.

ಸ್ಥಳಾಂಕ (ಲೊಕೇಷನ್ ಕೋಷಂಟ್) ಅಂತ ಒಂದು ಸುಲಭದ ಲೆಕ್ಕವೂ ಇದೆ. ರಾಜ್ಯದಲ್ಲಿ ನೂರು ಕೆಲಸಗಾರರಲ್ಲಿ 4 ಜನ ನೇಯ್ಗೆಯಲ್ಲಿದ್ದು, ನಿಮ್ಮ ತಾಲೂಕಿನಲ್ಲಿ 12 ಜನ ಇದ್ದರೆ ಅಂಕ 3. ಅಂದರೆ ಆ ಕಸುಬು ನಿಮ್ಮಲ್ಲಿ ಬೇರು ಬಿಟ್ಟಿದೆ ಅಂತ. ಅಲ್ಲಿಂದ ಪ್ರಶ್ನೆಗಳು ಹುಟ್ಟುತ್ತವೆ.

ಎಲ್ಲಿ ಓದೋದು? ಇದೇ ಹೆಸರಿನ ಎಂ.ಎ. ನಮ್ಮ ಕಡೆ ಅಪರೂಪ. ಅರ್ಥಶಾಸ್ತ್ರದ ಎಂ.ಎ. ಸೇರಿ, ಐಚ್ಛಿಕ ಪತ್ರಿಕೆಯಲ್ಲೂ ಪ್ರಬಂಧದಲ್ಲೂ ಇದನ್ನು ಹಿಡಿಯೋದೇ ಸರಿ ಅಂತ ನನ್ನ ಅಭಿಪ್ರಾಯ. ಪಿಎಚ್‌.ಡಿ.ಗೆ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಬೆಂಗಳೂರಿನ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ) ಇದೆ. ದೆಹಲಿಯ ಜೆಎನ್‌ಯುನಲ್ಲಿ ಪ್ರಾದೇಶಿಕ ಅಭಿವೃದ್ಧಿಗೇ ಮೀಸಲಾದ ಕೇಂದ್ರವಿದೆ. ಕನ್ನಡ ಮಾಧ್ಯಮದವರಾದರೆ ದಿನಕ್ಕೆ ಎರಡು ಪುಟ ಇಂಗ್ಲಿಷ್ ಅರ್ಥಶಾಸ್ತ್ರ ಓದಿ. ಮೊದಲ ಆರು ತಿಂಗಳು ಕಷ್ಟ, ನನಗೂ ಆಗಿತ್ತು. ಆಮೇಲೆ ಓಡುತ್ತದೆ.

ನಿಮ್ಮ ತಾಲೂಕು ಯಾವುದು ಅಂತ ಬರೆಯಿರಿ. 2002ರಲ್ಲಿ ಅದಕ್ಕೆ ಎಷ್ಟು ಅಂಕ ಸಿಕ್ಕಿತ್ತು ಅಂತ ವರದಿ ತೆಗೆದು ನೋಡಿ ಹೇಳುತ್ತೇನೆ.