ದೆವ್ವದ ಮನೆ ಬಿಟ್ಟು ಯಾಕೆ ಹೋಗಲ್ಲ?

ಮೈಸೂರಿನ ಅಗ್ರಹಾರದ ಹಳೇ ಮನೆಯಲ್ಲಿ ಕಿರುಚಿತ್ರ ಮಾಡುತ್ತಿದ್ದೀರಿ. ದೆವ್ವ ಇದೆ ಅಂತ ಗೊತ್ತಾದ ಮೇಲೂ ಆ ಸಂಸಾರ ಅಲ್ಲೇ ಇರೋದಕ್ಕೆ ಏನು ಕಾರಣ ಕೊಡಲಿ ಅಂತ ಕೇಳಿದ್ದೀರಿ.

ಇದು ಎಲ್ಲ ಹಾರರ್ ಬರಹಗಾರರ ತಲೆನೋವು. ಮಾಮೂಲಿ ಉತ್ತರ ಎರಡು. ಒಂದು, ದೆವ್ವ ಮನೆಗಲ್ಲ, ಮನುಷ್ಯರಿಗೆ ಅಂಟಿಕೊಂಡಿದೆ. 2007ರ ಇಂಗ್ಲಿಷ್ ಸಿನಿಮಾ 'ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ'ಯಲ್ಲಿ ಇದೇ ಕಾರಣ. 'ಇನ್ಸಿಡಿಯಸ್'ನಲ್ಲಂತೂ ಮನೆ ಬದಲಾಯಿಸಿದರೂ ಕಾಟ ನಿಲ್ಲಲ್ಲ. ಇನ್ನೊಂದು, ದುಡ್ಡು. 2013ರ 'ದಿ ಕಾಂಜುರಿಂಗ್'ನಲ್ಲಿ ಇದ್ದಬದ್ದ ಹಣವೆಲ್ಲ ಮನೆಗೇ ಸುರಿದಿರುತ್ತಾರೆ.

ನಿಮ್ಮ ಕಥೆಗೆ ದುಡ್ಡೇ ಸರಿ. ಮನೆಯನ್ನು ಭೋಗ್ಯಕ್ಕೆ ಹಾಕಿಕೊಂಡಿದ್ದಾರೆ ಅನ್ನಿ. ಒಡವೆ ಮಾರಿ ಲಕ್ಷಗಟ್ಟಲೆ ಕೊಟ್ಟಾಗಿದೆ. 'ಅವಧಿ ಮುಗಿಯಲಿ, ಕೊಡ್ತೀನಿ' ಅಂತಾನೆ ಮಾಲೀಕ. 'ರಾತ್ರಿ ಯಾರೋ ಓಡಾಡ್ತಾರೆ' ಅಂದರೆ ದುಡ್ಡು ವಾಪಸ್ ಕೊಡ್ತಾನಾ? ಇಲ್ಲಿನ ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಿಲ್ಲ.

ಕಾಟವನ್ನು ಮೆಲ್ಲಗೆ ಏರಿಸಿ. ಮೊದಲು ಹಿತ್ತಿಲ ಬಾಗಿಲ ಅಗಳಿ ಬೆಳಿಗ್ಗೆ ತೆಗೆದಿರಲಿ. ಗಂಡ ಹೆಂಡತಿಯನ್ನು ಬಯ್ಯಲಿ, ಅವಳು ಅತ್ತೆ ಮೇಲೆ ಹಾಕಲಿ. ಮೂವರೂ 'ನಾನು ಹಾಕಿದ್ದೆ' ಅನ್ನೋವರೆಗೂ ದೆವ್ವದ ಮಾತೇ ಬೇಡ. ಈ ಜಗಳ ಎಷ್ಟು ನಿಜ ಅನ್ನಿಸುತ್ತೋ ಭಯ ಅಷ್ಟು ಜಾಸ್ತಿ.

ಮಗು ಮೊದಲು ನೋಡೋದು, ನಾಯಿ ಬೊಗಳೋದು, ಸುಮ್ನೆ ಒಂದೊಂದು ಸಾಕು. ಮಂತ್ರವಾದಿ, ನಿಂಬೆಹಣ್ಣು ದಯವಿಟ್ಟು ಬೇಡ, ನೋಡಿ ನೋಡಿ ಸಾಕಾಗಿದೆ. ಕೊನೆಗೆ ದೆವ್ವ ಮತ್ತೆ ಕಣ್ಣು ಬಿಡುವ ಶಾಟ್? ಭಾಗ ಎರಡು ಮಾಡೋ ಆಸೆ ಇದ್ದರೆ ಇಟ್ಟುಕೊಳ್ಳಿ.