ದಾಳಿಂಬೆ ಬೀಜದ ಎಣ್ಣೆ ಮಬ್ಬಾಗಿ, ಕಡಿಮೆ ಬರುತ್ತಿದೆ: ಪ್ರತಿಕ್ರಿಯೆ
ಹೆಚ್ಚಿನ ಒತ್ತಡದ ಇಂಗಾಲದ ಡೈಆಕ್ಸೈಡ್ ಹಾಯಿಸಿ ದಾಳಿಂಬೆ ಬೀಜದ ಎಣ್ಣೆ ತೆಗೆಯುತ್ತಿದ್ದೀರಿ, ಅದು ಮಬ್ಬಾಗಿ, ಕಡಿಮೆ ಬರುತ್ತಿದೆ ಅಂತ ಕೇಳಿದ್ದೀರಿ. ಎಣ್ಣೆ ಮಬ್ಬಾಗಲು ಬೀಜದ ತೇವವೇ ಕಾರಣ ಇರಬೇಕು, ಇಂಗಾಲದ ಡೈಆಕ್ಸೈಡ್ ನೀರನ್ನೂ ಎಳೆದು ತರುತ್ತದೆ. ಪುಣೆಯ ಜುಲೈ ಅಲ್ವಾ, ಒಣಗಿಸಿಟ್ಟ ಬೀಜವೂ ಮತ್ತೆ ತೇವ ಹೀರುತ್ತದೆ. ಮೊದಲು 50 ಡಿಗ್ರಿಯಲ್ಲಿ ಒಣಗಿಸಿ. ಆಮೇಲೆ ಸುಮಾರು ಅರ್ಧ ಮಿಲಿಮೀಟರ್‌ಗೆ ಪುಡಿ ಮಾಡಿ, ಅದೇ ದಿನ ಯಂತ್ರದ ಪಾತ್ರೆಗೆ ತುಂಬಿಸಿ. ತೀರಾ ನುಣ್ಣಗಾದರೆ ಪುಡಿ ಗಟ್ಟಿಯಾಗಿ, ಅನಿಲ ಉಳಿದ ಪುಡಿಗೆ ತಾಗದೆ ಒಂದೇ ದಾರಿ ಹಿಡಿದು ಹೋಗುತ್ತದೆ. ಪುಡಿಯ ಗಾತ್ರ ನೀವು ಬರೆದಿಲ್ಲ, ಹಾಗಾಗಿ ಇದು ನನ್ನ ಊಹೆ.

ಎಣ್ಣೆ ಕಡಿಮೆ ಬರಲು ಒತ್ತಡ ಕಾರಣ. 31 ಡಿಗ್ರಿ, 74 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ದಾಟಿದರೆ ಇಂಗಾಲದ ಡೈಆಕ್ಸೈಡ್ ಅನಿಲವೂ ಅಲ್ಲದ, ದ್ರವವೂ ಅಲ್ಲದ, ಎಣ್ಣೆ ಕರಗಿಸುವ ಸ್ಥಿತಿಗೆ ಬರುತ್ತದೆ, ಅಷ್ಟು ಸಾಕು ಅಂತ 120 ಬಾರ್‌ನಲ್ಲಿ ಓಡಿಸುತ್ತಿದ್ದೀರಿ. ಅದು ಲವಂಗದಂಥ ಸುವಾಸನೆ ಎಣ್ಣೆಗೆ ಸರಿ. ಬೀಜದ ಎಣ್ಣೆ ಚೆನ್ನಾಗಿ ಕರಗಲು 300 ಬಾರ್ ಆಸುಪಾಸು ಬೇಕು. ಪಾತ್ರೆ ತಡೆಯುವ ಒತ್ತಡದ ಮಿತಿ ನೋಡದೆ ಮಾತ್ರ ಏರಿಸಬೇಡಿ, ಜೀವದ ಪ್ರಶ್ನೆ.