ಅನುಭವ ಪತ್ರದಲ್ಲಿ ನಾಲ್ಕು ತಿಂಗಳು ಹೆಚ್ಚಿಗೆ ಬರೆಸಿ ವಿದೇಶದ ನರ್ಸ್ ಕೆಲಸಕ್ಕೆ ಅರ್ಜಿ ಹಾಕಬಹುದೇ?

ಹಾವೇರಿಯಲ್ಲಿ ಸ್ಟಾಫ್ ನರ್ಸ್ ಆಗಿ ನಿಮಗೆ ಒಂದು ವರ್ಷ ಎಂಟು ತಿಂಗಳಾಗಿದೆ, ಏಜೆಂಟರು ಎರಡು ವರ್ಷದ ಪತ್ರವನ್ನು ಶುಕ್ರವಾರದೊಳಗೆ ತರಲು ಹೇಳಿದ್ದಾರೆ, ಆಸ್ಪತ್ರೆಯವರೂ ಬರೆದುಕೊಡಲು ಒಪ್ಪಿದ್ದಾರೆ. ಏಜೆಂಟರು ಒಂದೂವರೆ ಲಕ್ಷ ರೂಪಾಯಿ ಕೇಳಿದ್ದಾರೆ, ಗಲ್ಫಿಗೆ ಹೋಗಲೋ ಇಂಗ್ಲೆಂಡಿಗೆ ಹೋಗಲೋ ಎಂದೂ ನೀವು ಕೇಳಿದ್ದೀರಿ. ನನಗೆ ಕಡಿಮೆ ಬಿದ್ದದ್ದು ಐದು ತಿಂಗಳು. ನನ್ನ ಆಸ್ಪತ್ರೆಯವರೂ ಒಪ್ಪಿದ್ದರು.

ನಾನು ಗದಗ-ಬೆಟಗೇರಿಯವಳು. ಅಪ್ಪ ಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಐಸಿಯುಗೆ ಸೇರಿದ್ದು 2011ರ ನವೆಂಬರ್ 11ರಂದು. 11-11-11 ಎಂಬ ಆ ದಿನವೇ ಮಗು ಹುಟ್ಟಬೇಕೆಂದು ಹಟ ಹಿಡಿದು ಸಿಸೇರಿಯನ್‌ಗೆ ಬಂದವರಿಂದ ಹೆರಿಗೆ ವಾರ್ಡು ತುಂಬಿಹೋಗಿತ್ತು. ಹೊಸಬಳಾದ ನನ್ನನ್ನು ಮೊದಲ ದಿನವೇ ಐಸಿಯುನಿಂದ ಅಲ್ಲಿಗೆ ಕಳಿಸಿದ್ದರು. ಇಂಥ ದಿನಾಂಕವನ್ನು ಯಾರಾದರೂ ಮರೆಯುತ್ತಾರೆಯೇ? ಅದನ್ನೇ ನಾನು ತಿದ್ದಿಸಿದೆ.

2013ರಲ್ಲಿ ಏಜೆಂಟರೊಬ್ಬರ ಮೂಲಕ ಮುಂಬಯಿಯಲ್ಲಿ ಸಂದರ್ಶನವಾಯಿತು, ದುಬೈನ ಆಸ್ಪತ್ರೆಯೊಂದರ ಆಫರ್ ಪತ್ರವೂ ಬಂತು. ಏಜೆಂಟರು ಕೇಳಿದ 1,20,000 ರೂಪಾಯಿಯಲ್ಲಿ 85,000 ರೂಪಾಯಿ ಅವ್ವನ ಪಾಟಲಿಗಳನ್ನು ಅಡವಿಟ್ಟು ತಂದದ್ದು. ಅವರು ಕೇಳಿದ್ದು ಪೂರ್ತಿ ಎರಡು ವರ್ಷದ ಅನುಭವ, ನನ್ನದು ಆಗ ಒಂದು ವರ್ಷ ಏಳು ತಿಂಗಳು. "ಒಂದು ಪತ್ರದ ಸಲುವಾಗಿ ಇಷ್ಟೆಲ್ಲ ಕೆಡಿಸಿಕೊಳ್ಳುತ್ತೀರಾ?" ಎಂದು ಅವರು ಕೇಳಿದಾಗ ನನಗೂ ಹಾಗೆಯೇ ಅನ್ನಿಸಿತು.

ಆಸ್ಪತ್ರೆಯ ಕಚೇರಿಯ ಗುಮಾಸ್ತರು ಒಳ್ಳೆಯವರು. ರಾತ್ರಿ ಪಾಳಿ ಮುಗಿಸಿ ಹೋಗಿ, "ಅಣ್ಣಾರ, ಐದು ತಿಂಗಳು ಮುಂಚೇನ ಸೇರೀನಿ ಅಂತ ಬರದ್ರ ಏನಾಕ್ಕೈತ್ರಿ?" ಎಂದು ಕೇಳಿದೆ. "ಏನೂ ಆಗಂಗಿಲ್ಲ ತಗೋರಿ ಸಿಸ್ಟರ್, ಅಲ್ಲಿಂದ ಯಾರು ಬಂದು ನೋಡ್ತಾರ?" ಎಂದು ಅವರು ನಕ್ಕು, ಲೆಟರ್‌ಹೆಡ್ ಮೇಲೆ 06-06-2011 ಎಂದು ಟೈಪು ಮಾಡಿ, ದುಂಡನೆಯ ಮೊಹರು ಒತ್ತಿ ಕೊಟ್ಟರು. ಮಸಿ ಹಸಿಯಿದ್ದ ಕಾರಣ ಮೊಹರಿನ ಒಂದು ಅಂಚು ನನ್ನ ಹೆಬ್ಬೆರಳಿಗೆ ಹತ್ತಿತು.

ಅಲ್ಲಿಂದ ಯಾರೂ ಬರಲಿಲ್ಲ, ನಿಜ. ಬಂದದ್ದು ಒಂದು ಇಮೇಲ್. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಇದನ್ನು ನನಗೆ ಆಗ ಯಾರೂ ಹೇಳಿರಲಿಲ್ಲ. ದುಬೈ ಹೆಲ್ತ್ ಅಥಾರಿಟಿಯ ಪರವಾನಗಿಗೆ ಪ್ರೊಮೆಟ್ರಿಕ್ ಪರೀಕ್ಷೆ ಪಾಸಾದರೆ ಮುಗಿಯಿತು ಎಂದು ನಾವೆಲ್ಲ ತಿಳಿದಿದ್ದೆವು. ಪರೀಕ್ಷೆಯಲ್ಲದೆ ದಾಖಲೆ ಪರಿಶೀಲನೆಯ ಇನ್ನೊಂದು ಹಂತವಿದೆ, ಅದನ್ನು ಮಾಡುವುದು ಡೇಟಾಫ್ಲೋ ಎಂಬ ಸಂಸ್ಥೆ. ಅವರು ನೀವು ಕೊಟ್ಟ ಕಾಗದವನ್ನು ನೋಡಿ ಸುಮ್ಮನಾಗುವುದಿಲ್ಲ, ಅದನ್ನು ಕೊಟ್ಟವರನ್ನೇ ನೇರವಾಗಿ ಕೇಳುತ್ತಾರೆ. ಪದವಿಗೆ ವಿಶ್ವವಿದ್ಯಾಲಯವನ್ನು, ನೋಂದಣಿಗೆ ನರ್ಸಿಂಗ್ ಕೌನ್ಸಿಲನ್ನು, ಅನುಭವಕ್ಕೆ ಆಸ್ಪತ್ರೆಯನ್ನು. ನನ್ನ ಪತ್ರದ ಬಗ್ಗೆ ವಿಚಾರಣೆ ಬರುವ ಹೊತ್ತಿಗೆ ಆ ಗುಮಾಸ್ತರು ಕೆಲಸ ಬಿಟ್ಟಿದ್ದರು. ಅವರ ಜಾಗಕ್ಕೆ ಬಂದಿದ್ದ ಹುಡುಗಿ ಹಾಜರಿ ಪುಸ್ತಕ ಮತ್ತು ಭವಿಷ್ಯನಿಧಿಯ ದಾಖಲೆ ತೆಗೆದು ನೋಡಿ, ಸೇರಿದ ದಿನ 11-11-2011 ಎಂದು ಉತ್ತರಿಸಿದಳು. ಅವಳ ತಪ್ಪು ಏನೂ ಇರಲಿಲ್ಲ.

ಹಳೆಯ ಗುಮಾಸ್ತರೇ ಇದ್ದು ಹೌದೆಂದು ಬರೆದಿದ್ದರೂ ನಾನು ಉಳಿಯುತ್ತಿರಲಿಲ್ಲ ಎಂಬುದು ಹೊಳೆದದ್ದು ಬಹಳ ತಡವಾಗಿ. ನನ್ನ ಅಂತಿಮ ವರ್ಷದ ಫಲಿತಾಂಶ ಬಂದದ್ದು 2011ರ ಆಗಸ್ಟ್‌ನಲ್ಲಿ, ಕೌನ್ಸಿಲ್ ನೋಂದಣಿ ಆದದ್ದು ಸೆಪ್ಟೆಂಬರ್‌ನಲ್ಲಿ. ಪತ್ರದ ಪ್ರಕಾರ ನಾನು ಜೂನ್‌ನಲ್ಲಿಯೇ ಸ್ಟಾಫ್ ನರ್ಸ್! ಪಾಸೇ ಆಗದ, ನೋಂದಣಿಯೇ ಇಲ್ಲದ ಹುಡುಗಿ ಐಸಿಯುನಲ್ಲಿ ರೋಗಿಗಳಿಗೆ ಇಂಜೆಕ್ಷನ್ ಕೊಡುತ್ತಿದ್ದಳು ಎಂದು ನಾನೇ ಬರೆಸಿ, ಅದಕ್ಕೆ ಮೊಹರು ಹಾಕಿಸಿ, ಶುಲ್ಕ ಕಟ್ಟಿ ಪರಿಶೀಲನೆಗೆ ಕಳಿಸಿದ್ದೆ. ಮೂರು ಕಾಗದಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟು ನೋಡಿದ್ದರೆ ಹತ್ತನೇ ತರಗತಿಯ ನನ್ನ ತಮ್ಮನೂ ಹಿಡಿಯುತ್ತಿದ್ದ ತಪ್ಪು ಅದು. ನಾನು ಇಡಲಿಲ್ಲ. ಪ್ರತಿ ಕಾಗದವನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಜೋಪಾನವಾಗಿ ಫೈಲು ಮಾಡಿದ್ದೆ.

ವರದಿ ನೆಗೆಟಿವ್ ಎಂದು ಬಂತು, ಆಫರ್ ರದ್ದಾಯಿತು. ಆಫರ್ ಪತ್ರವನ್ನು ನಂಬಿ ನಾನು ಆಗಲೇ ರಾಜೀನಾಮೆ ಕೊಟ್ಟಿದ್ದೆ. ಏಜೆಂಟರು, "ಕಾಗದ ನಿಮ್ಮದು, ತಪ್ಪೂ ನಿಮ್ಮದೇ" ಎಂದು ಒಂದು ರೂಪಾಯಿಯನ್ನೂ ಹಿಂದಿರುಗಿಸಲಿಲ್ಲ. ಪತ್ರದ ಉಪಾಯ ಹೇಳಿದವರು ಅವರೇ ಎಂಬುದಕ್ಕೆ ನನ್ನ ಹತ್ತಿರ ಸಾಕ್ಷಿಯಿರಲಿಲ್ಲ, ಎಲ್ಲವೂ ಬಾಯಿಮಾತು. ಆಮೇಲೆ ನಾಲ್ಕು ವರ್ಷ ಧಾರವಾಡದ ಒಂದು ನರ್ಸಿಂಗ್ ಹೋಮ್‌ನಲ್ಲಿ ಮೊದಲಿಗಿಂತ ಕಡಿಮೆ ಸಂಬಳಕ್ಕೆ ದುಡಿದೆ, ಅಪ್ಪ ಬಡ್ಡಿ ಕಟ್ಟಿದರು. ಗಲ್ಫ್‌ನ ಅರ್ಜಿಯನ್ನು ಮತ್ತೆ ಮುಟ್ಟುವ ಧೈರ್ಯ ನನಗೆ ಬರಲಿಲ್ಲ.

ಗಲ್ಫೋ ಇಂಗ್ಲೆಂಡೋ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಅಷ್ಟೇನೂ ಉಪಯೋಗಕ್ಕೆ ಬಾರದು, ಏಕೆಂದರೆ ನಾನು ಇಂಗ್ಲೆಂಡನ್ನು ಆರಿಸಿದ್ದು ತೂಗಿ ನೋಡಿ ಅಲ್ಲ, ಇನ್ನೊಂದು ಬಾಗಿಲನ್ನು ನಾನೇ ಹಾಕಿಕೊಂಡಿದ್ದರಿಂದ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷೆಯ ಪರೀಕ್ಷೆಯನ್ನು ಬೆಂಗಳೂರಿಗೆ ಹೋಗಿ ಎರಡು ಸಲ ಬರೆದೆ. ಎರಡೂ ಸಲ ಉಳಿದದ್ದರಲ್ಲಿ 7 ಬಂದು ಬರವಣಿಗೆಯಲ್ಲಿ ಮಾತ್ರ 6.5 ಬಂತು. ಅಲ್ಲಿನ ನರ್ಸಿಂಗ್ ಕೌನ್ಸಿಲ್ ಆದ ಎನ್‌ಎಂಸಿ 2018ರ ಕೊನೆಗೆ ಬರವಣಿಗೆಗೆ 6.5 ಸಾಕೆಂದು ನಿಯಮ ಸಡಿಲಿಸಿದಾಗ ನನ್ನ ಹಳೆಯ ಅಂಕಪಟ್ಟಿಯೇ ನಡೆಯಿತು. ಈ ಸಲ ಅರ್ಜಿಯಲ್ಲಿ ಪ್ರತಿಯೊಂದು ದಿನಾಂಕವನ್ನೂ ಭವಿಷ್ಯನಿಧಿಯ ದಾಖಲೆಯಿಂದ ನೋಡಿ ಬರೆದೆ.

ನಾನೀಗ ಇರುವ ಇಂಗ್ಲೆಂಡಿಗೆ ಬಂದ ಮೇಲೆ ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಅದರಲ್ಲಿ ಬಿದ್ದವರು ಕೈಚಳಕ ಸಾಲದೆ ಬಿದ್ದದ್ದನ್ನು ನಾನು ಕಂಡದ್ದು ಕಡಿಮೆ, ಬಾಯಿಬಿಟ್ಟು ಹೇಳದೆ ಬಿದ್ದವರೇ ಹೆಚ್ಚು. ನಮ್ಮ ವಾರ್ಡುಗಳಲ್ಲಿ "ಮೂರನೇ ಬೆಡ್ಡಿನವರು" ಎಂದರೆ ಸಾಕು. ಇಲ್ಲಿ ಮಾತ್ರೆ ಕೊಡುವ ಮುನ್ನ ರೋಗಿಯ ಬಾಯಿಂದಲೇ ಹೆಸರು, ಜನ್ಮದಿನಾಂಕ ಹೇಳಿಸಿ, ಕೈಪಟ್ಟಿಗೆ ತಾಳೆ ನೋಡಿ, ಅಲರ್ಜಿ ಇದೆಯೇ ಎಂದು ಕೇಳಲೇಬೇಕು. ಊರಲ್ಲಿ ಅಪ್ಪನನ್ನು ಹೊರಸಿನ ಮೇಲೆ ಮಲಗಿಸಿ, ಕೈಗೆ ಮಗ್ಗದ ನೂಲು ಕಟ್ಟಿ ಅಭ್ಯಾಸ ಮಾಡುತ್ತಿದ್ದೆ. ಹುಟ್ಟಿದ ದಿನ ಕೇಳಿದರೆ ಅಪ್ಪ, "ಕಾರಹುಣ್ಣಿವಿ ಮರುದಿನ ಅಂತ ನಮ್ಮವ್ವ ಅಂತಿದ್ಲು, ಬರಕೋ" ಎನ್ನುತ್ತಿದ್ದರು. ನಾನು ಮೊದಲ ಸಲಕ್ಕೇ ಪಾಸಾದೆ.

ಆದ್ದರಿಂದ, ಯಾವ ದೇಶ ಎಂಬುದು ನೀವು ಇವತ್ತು ಕೇಳಬೇಕಾದ ಪ್ರಶ್ನೆಯಲ್ಲ ಎಂಬುದು ನನ್ನ ಅಭಿಪ್ರಾಯ. ಇನ್ನು ನಾಲ್ಕು ತಿಂಗಳು ಅದೇ ವಾರ್ಡಿನಲ್ಲಿ ದುಡಿಯಿರಿ. ಎರಡು ವರ್ಷ ತುಂಬಿದ ಮೇಲೆ ಪತ್ರ ಬರೆಸುವಾಗ ಹುದ್ದೆ, ವಾರ್ಡು, ಸೇರಿದ ದಿನ, ಸಹಿ ಹಾಕಿದವರ ಹೆಸರು, ಆಸ್ಪತ್ರೆಯ ಅಧಿಕೃತ ಇಮೇಲ್ ವಿಳಾಸ ಇಷ್ಟೂ ಅದರಲ್ಲಿ ಇರಲಿ. ಆ ಇಮೇಲನ್ನು ಯಾರು ತೆರೆದು ನೋಡುತ್ತಾರೆ ಎಂದು ಕೇಳಿ ತಿಳಿದುಕೊಂಡು, ವಿಚಾರಣೆ ಬರಲಿದೆಯೆಂದು ಅವರಿಗೆ ಮೊದಲೇ ಹೇಳಿಡಿ. ಉತ್ತರವೇ ಹೋಗದಿದ್ದರೂ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ವೀಸಾ ಕೈಗೆ ಬರುವತನಕ ರಾಜೀನಾಮೆ ಬೇಡ.

ಏಜೆಂಟರ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಅವರ ನೋಂದಣಿ ಸಂಖ್ಯೆ ಕೇಳಿ, ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ನೋಂದಾಯಿತ ಏಜೆಂಟರು ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ನಿಮಗೆ ಒಂದೂವರೆ ಲಕ್ಷ ಹೇಳಿದ್ದಾರೆಂದರೆ ಅಲ್ಲಿಗೇ ಗೊತ್ತಾಯಿತು. ಇಂಗ್ಲೆಂಡಿನ ನೇಮಕಾತಿ ಸಂಹಿತೆಯ ಪ್ರಕಾರ ಅಭ್ಯರ್ಥಿಯಿಂದ ಶುಲ್ಕ ಪಡೆಯುವಂತೆಯೇ ಇಲ್ಲ. ಗಲ್ಫ್ ದೇಶಗಳೂ ಸೇರಿದ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ, ಪದವೀಧರರಾಗಿದ್ದರೂ, 2015ರಿಂದ ವಲಸೆ ಅನುಮತಿ ಕಡ್ಡಾಯ. ಅದನ್ನು ತಪ್ಪಿಸಿ ವಿಸಿಟ್ ವೀಸಾದ ಮೇಲೆ ಕಳಿಸುತ್ತೇನೆ ಎಂದವರ ಹತ್ತಿರ ಚಹಾ ಕೂಡ ಕುಡಿಯಬೇಡಿ.

ಅವ್ವನ ಪಾಟಲಿಗಳನ್ನು ನಾನು ಬಿಡಿಸಿಕೊಂಡದ್ದು 2021ರಲ್ಲಿ. ಅಷ್ಟರಲ್ಲಿ ಅವಳ ಕೈ ಸೊರಗಿ, ಅವು ಮುಂಗೈಯಲ್ಲಿ ನಿಲ್ಲದೆ ಜಾರುತ್ತಿದ್ದವು.

ಶುಕ್ರವಾರ ಅವರು ಫೋನ್ ಮಾಡಿದರೆ, ನಾಲ್ಕು ತಿಂಗಳು ಬಿಟ್ಟು ಪತ್ರ ಕೊಡುತ್ತೇನೆ ಎಂದು ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, ಬಾಯಲ್ಲಿ ಹೇಳಬೇಡಿ.